ಅಪ್‌ಡೇಟ್: ಬೆಳಗ್ಗೆ ಸರಿ, ಸಂಜೆ ಜಾಸ್ತಿ. ಕಾರಣ ಸಿಕ್ಕಿತು
ಅಮ್ಮನ ಶುಗರ್ ಬೆಳಗ್ಗೆ 95 ಇದ್ದು ಸಂಜೆ 260 ಆಗುತ್ತದೆ, ಮೀಟರ್ ಕೆಟ್ಟಿದೆಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮೀಟರ್ ಸರಿಯಾಗೇ ಇದೆ. ಕಾರಣ ಉಬ್ಬಸಕ್ಕೆ ಬೆಳಗ್ಗೆ 8ಕ್ಕೆ ನುಂಗುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಸುಮಾರು 4ರಿಂದ 8 ಗಂಟೆಯಲ್ಲಿ ಅದು ಶುಗರ್ ಏರಿಸುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಪ್ರಭಾವ ಇಳಿಯುತ್ತದೆ. ಖಾಲಿ ಹೊಟ್ಟೆಯ ಟೆಸ್ಟ್ ಒಂದನ್ನೇ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ?

ಒಂದು ವಾರ ದಿನಕ್ಕೆ ನಾಲ್ಕು ಸಲ ನೋಡಿ, ಮಾತ್ರೆಯ ಹೊತ್ತಿನ ಜೊತೆ ಬರೆದಿಟ್ಟೆ. ಆ ಹಾಳೆ ನೋಡಿ ಡಾಕ್ಟರ್ ರಾತ್ರಿಯ ಇನ್ಸುಲಿನ್ ತೆಗೆದು ಬೆಳಗ್ಗೆ ಮಾತ್ರೆಯ ಜೊತೆ ಕೊಟ್ಟರು. ಈಗ ಸಂಜೆ 170ರ ಆಸುಪಾಸು. ನಸುಕಿನಲ್ಲಿ ಅಮ್ಮ ಬೆವರಿ, ಕೈ ನಡುಗುತ್ತಾ ಏಳುತ್ತಿದ್ದರು. ಸುಮ್ನೆ ಸುಸ್ತು ಅಂದುಕೊಂಡಿದ್ದೆವು. ಅದು ರಾತ್ರಿಯ ಇನ್ಸುಲಿನ್‌ನಿಂದ ಶುಗರ್ ತೀರಾ ಇಳಿದಿದ್ದು. ಈಗ ಅದೂ ನಿಂತಿದೆ. ಹೊತ್ತು ಬರೆದಿಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.