ಮೊದಲ ವಾರವೇ ಚರ್ಮ ಸುಲಿಯಿತು: ರೆಟಿನಾಲ್ ಬಿಡಬೇಕೇ, ಮುಂದುವರಿಸಬೇಕೇ?

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಮದ್ದೂರಿನ ಕಡೆಯ ಶಾಲೆಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುವುದರಿಂದ ಮುಖಕ್ಕೆ ಬಿಸಿಲು ತಪ್ಪಿದ್ದಲ್ಲ. ಕಣ್ಣಂಚಿನ ಸುಕ್ಕಿಗೆಂದು ಶೇ. 0.3ರ ರೆಟಿನಾಲ್ (ವಿಟಮಿನ್ ಎ-ಯ ಒಂದು ರೂಪ) ಸೀರಮ್ ತಂದು ಪ್ರತಿ ರಾತ್ರಿ ಹಚ್ಚಿದೆ. ಐದನೆಯ ದಿನಕ್ಕೆ ಮೂಗಿನ ಪಕ್ಕದ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು, ತಣ್ಣೀರು ಸೋಕಿದರೂ ಉರಿಯತೊಡಗಿತು. ಈಗ ನಿಲ್ಲಿಸಿದ್ದೇನೆ. ನನ್ನ ಚರ್ಮಕ್ಕೆ ಇದು ಒಗ್ಗುವುದೇ ಇಲ್ಲವೇ?

ಉತ್ತರ 1 (ಕುವೆಂಪುನಗರ, ಮೈಸೂರು)

ಮೇಡಂ, ಅಷ್ಟು ಬೇಗ ಹಾಗೆ ತೀರ್ಮಾನಿಸಬೇಡಿ. ರೆಟಿನಾಲ್ ಚರ್ಮದೊಳಗೆ ಮೊದಲು ರೆಟಿನಾಲ್ಡಿಹೈಡ್ ಆಗಿ, ಬಳಿಕ ರೆಟಿನಾಯಿಕ್ ಆಮ್ಲವಾಗಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುತ್ತದೆ. ಅದೇ ಗುಂಪಿನ ರೆಟಿನೈಲ್ ಪಾಲ್ಮಿಟೇಟ್ ಇನ್ನೂ ಒಂದು ಮೆಟ್ಟಿಲು ಹಿಂದಿರುವುದರಿಂದ ಹೆಚ್ಚು ಸೌಮ್ಯ, ಆದರೆ ಅದರ ಫಲವೂ ಮಂದ. ನನಗೂ ಇದೇ ರೀತಿ ಸುಲಿದಿತ್ತು. ಉರಿ ಪೂರ್ತಿ ಇಳಿಯುವವರೆಗೆ ಬರೀ ಮಾಯಿಶ್ಚರೈಸರ್ ಹಚ್ಚಿಕೊಂಡಿದ್ದು, ನಂತರ ಶೇ. 0.1ರದ್ದನ್ನು ವಾರಕ್ಕೆ ಎರಡೇ ರಾತ್ರಿ ಆರಂಭಿಸಿದೆ. ಮುಖ ಚೆನ್ನಾಗಿ ಒಣಗಿದ ಮೇಲೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು ರೆಟಿನಾಲ್. ರೆಪ್ಪೆ, ತುಟಿಯಂಚು ಮತ್ತು ಮೂಗಿನ ಮಡಿಕೆಗಳನ್ನು ಬಿಟ್ಟುಬಿಡುತ್ತಿದ್ದೆ. ಸುಕ್ಕಿನಲ್ಲಿ ವ್ಯತ್ಯಾಸ ಕಾಣಲು ಮೂರು ತಿಂಗಳಾದರೂ ಬೇಕು. ನಿಮ್ಮ ದಾರಿಯ ಬಿಸಿಲಿಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚದೆ ಇದನ್ನು ಮುಟ್ಟಲೇಬೇಡಿ. ಸುಕ್ಕು ತರುವುದರಲ್ಲಿ ಬಿಸಿಲಿನದೇ ದೊಡ್ಡ ಪಾಲು.

ಉತ್ತರ 2 (ಮೈಸೂರು, ಔಷಧ ಅಂಗಡಿ)

ಎರಡು ಮಾತು ಸೇರಿಸುತ್ತೇನೆ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ಯಾವ ರೆಟಿನಾಯ್ಡನ್ನೂ (ರೆಟಿನಾಲ್ ಸೇರಿದ ವಿಟಮಿನ್ ಎ ಗುಂಪು) ಹಚ್ಚಬಾರದು. ಮನೆಯ ಸೊಸೆಯೋ ಮಗಳೋ ನಿಮ್ಮದೇ ಬಾಟಲಿಯಿಂದ ತೆಗೆದುಕೊಳ್ಳುವುದುಂಟು, ದಯವಿಟ್ಟು ಗಮನಿಸಿ. ಇನ್ನು ಬಂಗಿನ ಕಲೆಗೆಂದು ಗಿರಾಕಿಗಳು ಕೇಳುವ ಕ್ರೀಮುಗಳಲ್ಲಿ ಹಲವಕ್ಕೆ ಟ್ರೆಟಿನಾಯಿನ್ (ಔಷಧರೂಪದ ರೆಟಿನಾಯಿಕ್ ಆಮ್ಲ) ಜೊತೆಗೆ ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಮತ್ತು ಸ್ಟೀರಾಯ್ಡ್ ಬೆರೆತಿರುತ್ತವೆ. ಆ ಸ್ಟೀರಾಯ್ಡ್ ಬಹುದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಸುಕ್ಕಿಗೆ ಬಳಸಲೇಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಅತ್ತೆಯವರು ಬಾವಂಚಿ ಎಣ್ಣೆ ಹಚ್ಚೆನ್ನುತ್ತಾರೆ. ರೆಟಿನಾಲ್‌ಗೆ ಬದಲಾಗಿ ಮಾರುವ ಬಕುಚಿಯಾಲ್ ಎಂಬುದು ಅದೇ ಅಲ್ಲವೇ?

ಉತ್ತರ 1

ಮೂಲ ಅದೇ ಬಾವಂಚಿ ಬೀಜ, ಆದರೆ ಎಣ್ಣೆಯೂ ಬಕುಚಿಯಾಲೂ ಒಂದೇ ಅಲ್ಲ. ಬೀಜದಲ್ಲಿರುವ ಸೋರಾಲೆನ್ ಎಂಬ ಅಂಶ ಬಿಸಿಲಿಗೆ ಚರ್ಮವನ್ನು ಸುಡಿಸಬಲ್ಲದು, ಆದ್ದರಿಂದ ಎಣ್ಣೆ ಬೇಡ. ಶುದ್ಧೀಕರಿಸಿದ ಬಕುಚಿಯಾಲ್ ಇರುವ ಸೀರಮ್ಮನ್ನು, ರೆಟಿನಾಲ್ ಎರಡನೆಯ ಸಲವೂ ಒಗ್ಗದಿದ್ದರೆ, ಮೊದಲು ಕಿವಿಯ ಹಿಂದೆ ಒಂದೆರಡು ದಿನ ಹಚ್ಚಿ ನೋಡಿ.