ಪದಚರ್ಚೆ: ಟ್ರೇಲರ್ ಫರ್ನೇಸ್‌ನ ಹೊರಗಿನ ‘ಆಕ್ಸೆಸ್ ಪ್ಯಾನೆಲ್’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಟ್ರಾವೆಲ್ ಟ್ರೇಲರ್ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿಯಿದು. ಫರ್ನೇಸ್‌ನ ಅಧ್ಯಾಯಕ್ಕೆ ಬಂದಾಗ ಪದಗಳು ಕೈಕೊಟ್ಟಿವೆ. ಹೊರಗೋಡೆ ಕತ್ತರಿಸಿ ಫರ್ನೇಸ್‌ಗೆ ಹೊಸದಾಗಿ ಆಕ್ಸೆಸ್ ಪ್ಯಾನೆಲ್ (ರಿಪೇರಿಗೆ ಕೈ ಹಾಕಲೆಂದು ಕಳಚಬಹುದಾದ ತಗಡು) ಕೂರಿಸುವ ಕೆಲಸದ ವಿವರಣೆ ಅದು. ಪದ ಚೆನ್ನಾಗಿದ್ದರೆ ಸಾಲದು. ಓದಿದವರು ಬೇರೆ ತೂತಿಗೆ ಕೈ ಹಾಕದ ಹಾಗಿರಬೇಕು.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಫರ್ನೇಸ್ ಅಂದರೆ ಟ್ರೇಲರ್ ಒಳಗೆ ಬೆಚ್ಚಗಿಡಲು ಮಂಚದ ಕೆಳಗೋ ಕಪಾಟಿನ ಅಡಿಯಲ್ಲೋ ಕೂರಿಸಿದ ತಗಡಿನ ಪೆಟ್ಟಿಗೆ. ಪ್ರೊಪೇನ್ ಗ್ಯಾಸ್‌ನಿಂದ ಉರಿಯುತ್ತದೆ, ಮೋಟರು 12 ವೋಲ್ಟಿನಲ್ಲಿ ತಿರುಗುತ್ತದೆ. ಆ ಒಂದೇ ಮೋಟರು ಎರಡು ಗಾಳಿಚಕ್ರಗಳನ್ನು ತಿರುಗಿಸುತ್ತದೆ. ಒಂದು ಚಕ್ರ ಹೊರಗಿನ ಗಾಳಿಯನ್ನು ಉರಿಗೆ ಕೊಟ್ಟು, ಸುಟ್ಟ ಗಾಳಿಯನ್ನು ಮತ್ತೆ ಹೊರಗೇ ತಳ್ಳುತ್ತದೆ. ಇನ್ನೊಂದು ಟ್ರೇಲರ್ ಒಳಗಿನ ಗಾಳಿಯನ್ನು ಎಳೆದು, ಕಾದ ಉರಿಗೂಡಿನ ಹೊರಮೈ ಮೇಲೆ ಹಾಯಿಸಿ, ಬಿಸಿ ಮಾಡಿ ವಾಪಸ್ ಕಳಿಸುತ್ತದೆ. ಈ ಎರಡು ಗಾಳಿಗಳು ಎಲ್ಲೂ ಬೆರೆಯಬಾರದು. ಬೆರೆತರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಒಳಗೆ ಬರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಹೀಗಾಗಿ ಫರ್ನೇಸ್‌ಗೆ ನಿಘಂಟುಗಳು ಕೊಡುವ ‘ಕುಲುಮೆ’ ನನಗೆ ಒಪ್ಪಿಗೆಯಾಗಲಿಲ್ಲ. ಕುಲುಮೆ ಅಂದ ಕೂಡಲೇ ತೆರೆದ ಬೆಂಕಿ, ತಿದಿ, ಕೆಂಪಗೆ ಕಾದ ಕಬ್ಬಿಣ ಕಣ್ಣಿಗೆ ಬರುತ್ತದೆ. ಇಲ್ಲಿನ ಬೆಂಕಿ ಕಣ್ಣಿಗೇ ಬೀಳುವುದಿಲ್ಲ, ಬೀಳಲೂಬಾರದು. ‘ಒಲೆ’ ಅನ್ನೋಣವೆಂದರೆ ಅಡುಗೆ ಒಲೆ ಅಲ್ಲೇ ಇದೆ. ‘ಹೀಟರ್’ ಎಲ್ಲರಿಗೂ ಗೊತ್ತಿರುವ ಪದ ನಿಜ. ಆದರೆ ನೀರು ಕಾಯಿಸುವ ಹೀಟರ್ ಕೂಡ ಹೊರಗೋಡೆಯಲ್ಲೇ ಕೂತಿರುತ್ತದೆ, ಅದಕ್ಕೂ ಒಂದು ತಗಡಿನ ಬಾಗಿಲಿರುತ್ತದೆ. ‘ಹೀಟರ್ ಬಾಗಿಲು ತೆಗೆಯಿರಿ’ ಅಂತ ಬರೆದರೆ ಯಾವುದನ್ನು ತೆಗೆಯುತ್ತಾರೋ ಹೇಳಲಾಗದು. ಸದ್ಯಕ್ಕೆ ಫರ್ನೇಸ್ ಅಂತಲೇ ಇಟ್ಟಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ನಿಜವಾದ ಪ್ರಶ್ನೆ ಪ್ಯಾನೆಲ್ ಬಗ್ಗೆ.

ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಫರ್ನೇಸ್ ಒಳಗೆ ಸೇಲ್ ಸ್ವಿಚ್ ಅಂತ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದಕ್ಕೆ ತೆಳ್ಳಗಿನ ಎಲೆಯಂಥ ಒಂದು ರೆಕ್ಕೆ. ಫ್ಯಾನಿನ ಗಾಳಿ ಜೋರಾಗಿ ಬಡಿದಾಗ ರೆಕ್ಕೆ ವಾಲಿ ಸ್ವಿಚ್ ಕೂಡಿಕೊಳ್ಳುತ್ತದೆ. ಆಮೇಲಷ್ಟೇ ಗ್ಯಾಸ್ ತೆರೆದು ಕಿಡಿ ಹಾರುತ್ತದೆ. ಸಾಕುನಾಯಿಯ ಕೂದಲೋ, ಬಟ್ಟೆಯ ಜುಂಗೋ ಆ ರೆಕ್ಕೆಗೆ ಸುತ್ತಿಕೊಂಡರೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ, ಬೆಂಕಿ ಮಾತ್ರ ಹೊತ್ತುವುದಿಲ್ಲ. ಕೂದಲು ತೆಗೆಯುವುದು ಎರಡು ನಿಮಿಷದ ಕೆಲಸ. ಆದರೆ ಒಳಗಿನಿಂದ ಮಾತ್ರ ದಾರಿಯಿದ್ದರೆ, ಎಷ್ಟೋ ಮಾದರಿಗಳಲ್ಲಿ ಗ್ಯಾಸ್ ಪೈಪು ಬಿಚ್ಚಿ ಇಡೀ ಪೆಟ್ಟಿಗೆಯನ್ನೇ ಹೊರಗೆ ಎಳೆಯಬೇಕು. ಮತ್ತೆ ಕೂರಿಸಿ, ಪೈಪಿನ ಸೇರುವೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ಅಂತ ನೋಡಬೇಕು. ಹೊರಗೋಡೆಯಲ್ಲಿ ಕಳಚುವ ಕದವೊಂದಿದ್ದರೆ ಈ ಪಾಡಿಲ್ಲ. ಆದರೆ ಫರ್ನೇಸ್‌ನ ಮಾದರಿಯೂ ಹೊರಗಿನಿಂದ ಬಿಚ್ಚುವಂಥದ್ದೇ ಆಗಿರಬೇಕು. ಇಲ್ಲದಿದ್ದರೆ ಗೋಡೆ ಕತ್ತರಿಸಿದ್ದು ದಂಡ.

ಈಗ ಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಆಕ್ಸೆಸ್ ಪ್ಯಾನೆಲ್ ಅಂದರೆ ಮುಚ್ಚುವ ತಗಡು, ಆದರೆ ಮಾತಿನಲ್ಲಿ ಗೋಡೆಯ ತೂತಿಗೂ ಅದೇ ನಡೆಯುತ್ತದೆ. ಕನ್ನಡದಲ್ಲಿ ಇವೆರಡನ್ನು ಬೇರೆ ಬೇರೆ ಹೇಳುವುದೇ ಸಲೀಸು. ತೂತಿಗೆ ಅಳತೆ, ಕತ್ತರಿಸುವುದು, ಚೌಕಟ್ಟು. ತಗಡಿಗೆ ಸ್ಕ್ರೂ, ಟೇಪು, ಸೀಲಂಟು. ‘ಮುಚ್ಚಳ’ ಅಂದರೆ ಡಬ್ಬಿಯ ಮೇಲೆ ಕೂರುವ ವಸ್ತು ಅನ್ನಿಸುತ್ತದೆ, ನಿಂತ ಗೋಡೆಗೆ ಹೊಂದುವುದಿಲ್ಲ. ‘ದಿಡ್ಡಿ ಬಾಗಿಲು’ ಚೆಂದದ ಮಾತು, ಆದರೆ ಅದು ಮನುಷ್ಯರು ನುಗ್ಗುವ ಬಾಗಿಲು. ‘ಪ್ರವೇಶ ಫಲಕ’ ಅಂತ ಬರೆದರೆ ಹೊರಗೆ ತೂಗುಹಾಕಿದ ಬೋರ್ಡು ಅಂತ ತಿಳಿಯುತ್ತಾರೆ. ಅದನ್ನು ಕೈಬಿಟ್ಟೆ.

ನನಗೆ ಹೊಳೆದದ್ದು ‘ಕೈಗಂಡಿ’. ಕೈ ಮತ್ತು ಕಂಡಿ ಸೇರಿ ಕೈಗಂಡಿ, ಕೈಗನ್ನಡಿ ಆದ ಹಾಗೇ. ಕೈ ತೂರಿಸುವ ಕಂಡಿ ಅಂತ ನೇರ ಅರ್ಥ. ಅದನ್ನು ಮುಚ್ಚುವ ತಗಡು ‘ಕೈಗಂಡಿಯ ಕದ’. ‘ಕೈಗಂಡಿಯ ನಾಲ್ಕೂ ಬದಿಗೆ ಮರದ ಪಟ್ಟಿಯ ಚೌಕಟ್ಟು ಕೊಡಿ. ಕದದ ಅಂಚಿನ ಹಿಂದೆ ಬ್ಯುಟೈಲ್ ಟೇಪು (ನೀರು ತಡೆಯುವ ಅಂಟುಪಟ್ಟಿ) ಅಂಟಿಸಿ.’ ಹೀಗೆ ಬರೆದು ನೋಡಿದೆ, ಗೊಂದಲವಾಗಲಿಲ್ಲ.

ಇದರ ಪಕ್ಕದಲ್ಲೇ ಸುಟ್ಟ ಗಾಳಿ ಹೊರಬರುವ ಕೊಳವೆಯಿದೆ. ಅದಕ್ಕೆ ‘ಹೊಗೆಕೊಳವೆ’ ಇಟ್ಟಿದ್ದೇನೆ. ಎಷ್ಟೋ ಮಾದರಿಗಳಲ್ಲಿ ಈ ಕೊಳವೆ ಕದದ ಮೂಲಕವೇ ಹೊರಗೆ ಚಾಚಿಕೊಂಡಿರುತ್ತದೆ. ಅದಕ್ಕೇ ಎರಡೂ ಪದ ದೂರ ದೂರ ಇರಬೇಕು ಅಂತ ನನ್ನ ಹಟ. ಕೈಗಂಡಿಯ ಅಂಚಿನಲ್ಲಿ ನೀರು ಇಳಿಯದಂತೆ ಮುಚ್ಚಬೇಕು. ಹೊಗೆಕೊಳವೆಯ ಬಾಯಿಯನ್ನು ಮಾತ್ರ ಎಂದೂ ಮುಚ್ಚಬಾರದು. ಕಣಜದ ಹುಳ ಅದರಲ್ಲಿ ಮಣ್ಣಿನ ಗೂಡು ಕಟ್ಟಿದರೂ ಸಾಕು, ಫರ್ನೇಸ್ ಕೆಡುತ್ತದೆ. ಎರಡಕ್ಕೂ ‘ಕಿಂಡಿ’ ಅಂತ ಬರೆದು, ಯಾರಾದರೂ ‘ಕಿಂಡಿಯನ್ನು ಸೀಲ್ ಮಾಡಿ’ ಅನ್ನುವುದನ್ನು ತಪ್ಪಾಗಿ ಓದಿಕೊಂಡರೆ? ಅದು ಜೀವದ ವಿಷಯ.

ಒಂದು ಕಡೆ ಈ ಲೆಕ್ಕ ತಪ್ಪುತ್ತದೆ. ಗ್ಯಾಸ್‌ನಲ್ಲೂ ನಡೆಯುವ ಟ್ರೇಲರ್ ಫ್ರಿಜ್ ಹಿಂದೆ, ಹೊರಗೋಡೆಯ ಕೆಳಭಾಗದಲ್ಲಿ, ಒಂದು ಜಾಲರಿ ಕದ ಇರುತ್ತದೆ. ತಣ್ಣನೆ ಗಾಳಿ ಒಳಗೆ ಹೋಗುವುದೂ ಅದರಿಂದಲೇ, ರಿಪೇರಿಗೆ ಕೈ ಹಾಕುವುದೂ ಅಲ್ಲಿಂದಲೇ. ಅದನ್ನು ಕೈಗಂಡಿ ಅಂದರೆ ಗಾಳಿಯ ಮಾತು ಬಿಟ್ಟುಹೋಗುತ್ತದೆ. ಗಾಳಿಗಂಡಿ ಅಂದರೆ ಕೈಯ ಮಾತು ಬಿಟ್ಟುಹೋಗುತ್ತದೆ. ನನಗೆ ಗಾಳಿಗಂಡಿಯೇ ವಾಸಿ ಅನ್ನಿಸುತ್ತದೆ, ಮುಚ್ಚಬಾರದು ಅನ್ನುವುದು ಅದರಲ್ಲೇ ಇದೆ ಅಲ್ವಾ?

‘ರೆಟ್ರೋಫಿಟ್’ಗೆ ಹೆಸರುಪದ ಹುಡುಕುವುದನ್ನು ಬಿಟ್ಟಿದ್ದೇನೆ. ‘ಮರುಜೋಡಣೆ’ ಅಂದರೆ ಬಿಚ್ಚಿದ್ದನ್ನು ಮತ್ತೆ ಸೇರಿಸುವುದು, ಆ ಅರ್ಥದಲ್ಲೇ ಅದು ಕೈಪಿಡಿಯ ತುಂಬಾ ಬರುತ್ತದೆ. ‘ಇರುವ ಗೋಡೆಗೆ ಹೊಸದಾಗಿ ಕೂರಿಸುವುದು’ ಅಂದರೆ ಸಾಕು.

ಕಾರ್ಖಾನೆ, ಬಸ್ ಬಾಡಿ ಕಟ್ಟುವ ಶೆಡ್, ಲಿಫ್ಟ್ ರಿಪೇರಿ, ಇಂಥ ಕಡೆ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಕೈ ಹಾಕಿ ರಿಪೇರಿ ಮಾಡಲೆಂದೇ ಬಿಟ್ಟ ತೂತಿಗೆ ಕೆಲಸಗಾರರ ಬಾಯಲ್ಲಿ ಯಾವ ಪದವಿದೆ? ಅಂಥದ್ದೊಂದು ಈಗಾಗಲೇ ಬಳಕೆಯಲ್ಲಿದ್ದರೆ ಕೈಗಂಡಿಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ.