ಹತ್ತು ಪುಟದ ದಾಳಿ, ಒಂದು ಸಾಲಿನ ಓಟ

ಹೇಮಾವತಿ ದಂಡೆ (ಹಾಸನ):
ನಮ್ಮ ಓದುಬಳಗದ ಗೆಳೆಯರೊಬ್ಬರು ಪಾಳೆಯಗಾರರ ಕಾಲದ ಕಾದಂಬರಿ ಬರೆದು, ಹಸ್ತಪ್ರತಿಯನ್ನು ಓದಲು ಕೊಟ್ಟಿದ್ದಾರೆ. ಸಕಲೇಶಪುರದ ಆಚೆ ಘಟ್ಟದ ಮೇಲೊಂದು ಕೋಟೆ. ಅದನ್ನು ಹಿಡಿಯಲು ಮೂರು ಸಾವಿರ ಜನರ ದಂಡು ಹೊರಡುತ್ತದೆ. ಕತ್ತಿ ಮಸೆಯುವುದು, ರಣವೀಳ್ಯ, ಕಹಳೆ, ಏರುದಾರಿ ಎಲ್ಲಕ್ಕೂ ಸೇರಿ ಧಾರಾಳವಾಗಿ ಹತ್ತು ಪುಟ. ಕೋಟೆಯ ಬಾಗಿಲಿಗೆ ಬಂದ ಕೂಡಲೇ ದಳವಾಯಿಯ ಎದೆಗೆ ಬಾಣ ನೆಡುತ್ತದೆ, ‘ದಂಡು ದಿಕ್ಕಾಪಾಲಾಯಿತು’ ಎಂಬ ಒಂದು ಸಾಲು ಬರುತ್ತದೆ, ಮುಂದಿನ ಅಧ್ಯಾಯ ಅಂತಃಪುರದಲ್ಲಿ ಶುರುವಾಗುತ್ತದೆ. ನನಗೆ ಸಿಟ್ಟೇ ಬಂತು. ಐತಿಹಾಸಿಕ ಕಾದಂಬರಿಗಳಲ್ಲಿ ಇದನ್ನು ಎಷ್ಟು ಸಲ ಓದಿಲ್ಲ! ಏರಿಹೋದ ದಂಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆನ್ನು ತೋರಿಸುವುದು ಕಥೆಗಾರರ ಅನುಕೂಲಕ್ಕೋ, ಯುದ್ಧದ ಸ್ವಭಾವವೇ ಹಾಗೋ?

ಕಡೂರಿನ ಓದುಗ:
ನಮ್ಮ ಸಾಹಿತ್ಯಕ್ಕೆ ಇದೇನು ಹೊಸದೇ? ವಿರಾಟಪರ್ವದ ಉತ್ತರಕುಮಾರ ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಧುಮುಕಿ ಓಡಿದ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಇಂದಿಗೂ ಆಡಿಕೊಳ್ಳುತ್ತೇವೆ. ಒಂದು ಬಾಣವನ್ನೂ ಬಿಡದೆ ಓಡಿದ್ದು ಅಸಹಜ ಎಂದು ಯಾರೂ ಹೇಳಿಲ್ಲ. ನಮ್ಮ ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನನ್ನೇ ನೋಡಿ. ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆಯ ಹಿಂದೆ ಹೋದ ಪಡೆ ಬಭ್ರುವಾಹನನ ಎದುರು ನೆಲಕಚ್ಚುತ್ತದೆ, ಅರ್ಜುನನ ತಲೆಯೇ ಉರುಳುತ್ತದೆ. ಗೆಲ್ಲಲು ಹೊರಟವರು ಸೋಲುವುದರಲ್ಲೇ ಆ ಕಾವ್ಯದ ಸ್ವಾರಸ್ಯ ಇದೆ.

ಹೇಮಾವತಿ ದಂಡೆ:
ಉತ್ತರ ಎಂಥವನು ಎಂಬುದು ನಮಗೆ ಅಂತಃಪುರದಲ್ಲೇ ಗೊತ್ತಾಗಿರುತ್ತದೆ. ಅವನು ಓಡದಿದ್ದರೆ ಆಶ್ಚರ್ಯ. ಜೊತೆಗೆ ಅವನು ಒಬ್ಬನೇ. ಬೃಹನ್ನಳೆ ಹಿಡಿದು ತಂದರೆ ಮುಗಿಯಿತು. ಮೂರು ಸಾವಿರ ಜನರನ್ನು ಹಿಡಿದು ತರುವವರು ಯಾರು?

ಬೇಲೂರು ಮೇಷ್ಟ್ರು:
ಬಾಣವನ್ನು ಗೇಲಿ ಮಾಡಬೇಡಿ. 1556ರ ಪಾಣಿಪತ್ ಕದನದಲ್ಲಿ ಮೊಘಲರ ಎದುರು ಹೇಮುವಿನ ಕೈ ಮೇಲಾಗಿತ್ತು. ಕಣ್ಣಿಗೆ ಬಾಣ ನೆಟ್ಟು ಆನೆಯ ಮೇಲೆ ಕುಸಿದ, ಸೇನೆ ಚೆದುರಿತು. 1565ರಲ್ಲಿ ನಮ್ಮದೇ ರಕ್ಕಸತಂಗಡಿ. ರಾಮರಾಯನ ತಲೆ ಹೋದ ಸುದ್ದಿ ಹಬ್ಬಿದ ಮೇಲೆ ವಿಜಯನಗರದ ಪಡೆ ನಿಲ್ಲಲಿಲ್ಲ. 1658ರ ಸಾಮೂಗಢದ ಕಾಳಗದಲ್ಲಿ ಔರಂಗಜೇಬನ ಅಣ್ಣ ದಾರಾ ಶುಕೋ ಸತ್ತೇ ಇರಲಿಲ್ಲ. ಆನೆಯಿಂದ ಇಳಿದು ಕುದುರೆ ಹತ್ತಿದ, ಅಷ್ಟೇ. ಖಾಲಿ ಅಂಬಾರಿಯನ್ನು ಕಂಡವರು ಕಥೆ ಮುಗಿಯಿತು ಎಂದುಕೊಂಡರು.

ಧೂಳು ಮತ್ತು ಹೊಗೆಯ ನಡುವೆ ನಿಂತ ಸಿಪಾಯಿಗೆ ತಮ್ಮ ಕಡೆ ಸೋಲುತ್ತಿದೆಯೋ ಗೆಲ್ಲುತ್ತಿದೆಯೋ ತಿಳಿಯುವುದು ಹೇಗೆ? ಎತ್ತರದಲ್ಲಿ ಕಾಣುವ ಆ ಒಬ್ಬನನ್ನು ನೋಡಿಯೇ. ಆದ್ದರಿಂದ ನಿಮ್ಮ ಗೆಳೆಯರು ಎಡವಿರುವುದು ಬಾಣದಲ್ಲಲ್ಲ. ಆ ಹತ್ತು ಪುಟಗಳಲ್ಲಿ ಒಬ್ಬನಾದರೂ ತಲೆಯೆತ್ತಿ, ದಳವಾಯಿ ಇದ್ದಾನೆಯೇ ಎಂದು ನೋಡಿಕೊಂಡನೇ? ಹಾಗೆ ಎರಡು ಸಲ ನೋಡಿದ್ದರೆ ಮೂರನೆಯ ಸಲ ಕಾಣದಿದ್ದಾಗ ಓದುಗನ ಎದೆಯೂ ಧಸಕ್ಕೆನ್ನುತ್ತಿತ್ತು.

ತೋಟದ ಮನೆ (ಮೂಡಿಗೆರೆ):
ಮೇಷ್ಟ್ರೇ, ನಿಮ್ಮ ಮೂರು ಉದಾಹರಣೆಗಳೂ ಬಯಲಿನವು. ಆನೆ, ಅಂಬಾರಿ, ಎತ್ತರ ಎಲ್ಲ ಬಯಲಿಗೆ ಸರಿ. ಘಟ್ಟದ ಕಾಲುದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವುದೇ ಕಷ್ಟ, ಹತ್ತು ಮಾರು ಮುಂದಿರುವವನು ಮರದ ಮರೆಗೆ ಹೋಗಿರುತ್ತಾನೆ. ಬಾಗಿಲ ಬಳಿ ಬಿದ್ದ ದಳವಾಯಿಯನ್ನು ಕಂಡವರು ಹೆಚ್ಚೆಂದರೆ ಐವತ್ತು ಜನ. ಅವರಾದರೂ ಓಡುವುದು ಎಲ್ಲಿಗೆ? ಹಿಂದಿನಿಂದ ಇಡೀ ದಂಡು ಮೇಲಕ್ಕೆ ತಳ್ಳುತ್ತಿದೆ.

19ನೆಯ ಶತಮಾನದ ಫ್ರೆಂಚ್ ಸೇನಾಧಿಕಾರಿ ಆರ್ದಾಂ ದ್ಯು ಪಿಕ್ ಹಳೆಯ ಕಾಲದ ಕಾಳಗಗಳ ಬಗ್ಗೆ ಹೇಳಿದ ಮಾತು ಇಲ್ಲಿಗೆ ಹೊಂದುತ್ತದೆ: ಓಟ ಹಿಂದಿನ ಸಾಲುಗಳಿಂದ ಶುರುವಾಗುತ್ತದೆ. ಮುಂದಿನವನಿಗೆ ಕೈತುಂಬ ಕೆಲಸ, ಹೆದರಲು ಪುರುಸೊತ್ತಿಲ್ಲ. ಹಿಂದೆ ನಿಂತವನಿಗೆ ಶತ್ರು ಕಾಣುವುದಿಲ್ಲ, ಕೂಗು ಮಾತ್ರ ಕೇಳಿಸುತ್ತದೆ. ನಿಮ್ಮ ಕಾದಂಬರಿಕಾರರು ಬಾಗಿಲ ಬಳಿ ಬಿಟ್ಟು ಕೆಳಗಿನ ತಿರುವಿನಲ್ಲಿ ಕ್ಯಾಮೆರಾ ಇಡಬೇಕಿತ್ತು.

ಇನ್ನೊಂದು ಮಾತು. ದಂಡಿನವರು ಯಾರು? ದಳವಾಯಿಯ ಕೈಯಿಂದ ಸಂಬಳ ಪಡೆಯುವವರಾದರೆ, ಅವನು ಸತ್ತ ಗಳಿಗೆಯಲ್ಲಿ ಬಾಕಿ ಕೊಡುವವನೇ ಇಲ್ಲ. ಹೊರಟುಹೋಗುವುದು ಹೇಡಿತನವಲ್ಲ, ಲೆಕ್ಕಾಚಾರ. ಅದನ್ನು ‘ದಿಕ್ಕಾಪಾಲು’ ಎಂದು ಬರೆದು ಅವರ ಮಾನ ಕಳೆಯಬೇಡಿ.

ಚಂದ್ರದ್ರೋಣ (ಚಿಕ್ಕಮಗಳೂರು):
ಬೇಕೆಂದೇ ಓಡಿ ಶತ್ರುವನ್ನು ಎಳೆದು ತರುವ ತಂತ್ರವೂ ಇರಬಹುದಲ್ಲವೇ? ಇಂಗ್ಲೆಂಡಿನಲ್ಲಿ ನಡೆದ 1066ರ ಹೇಸ್ಟಿಂಗ್ಸ್‌ನಲ್ಲಿ ನಾರ್ಮನ್ನರು ಮಾಡಿದ ಹಾಗೆ.

ಬೇಲೂರು ಮೇಷ್ಟ್ರು:
ಅದೇ ಹೇಸ್ಟಿಂಗ್ಸ್‌ನಲ್ಲಿ ಮೊದಲ ಓಟ ನಿಜವಾದದ್ದು. ನಾರ್ಮನ್ನರ ದೊರೆ ವಿಲಿಯಂ ಸತ್ತ ಎಂಬ ಗಾಳಿಸುದ್ದಿ ಹಬ್ಬಿತು. ಅವನು ಶಿರಸ್ತ್ರಾಣ ಎತ್ತಿ ಮುಖ ತೋರಿಸಿ ತಡೆಯಬೇಕಾಯಿತು. ಹೆದರಿ ಓಡಿದ್ದನ್ನು ಆಮೇಲೆ ತಂತ್ರವೆಂದು ಹೇಳಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಕಾದಂಬರಿಕಾರರಿಗಂತೂ ಅದು ಸುಲಭದ ದಾರಿ.

ಕಡೂರಿನ ಓದುಗ:
ಮುಖ ತೋರಿಸಿ ತಡೆಯುವುದು ಎಂದಿರಲ್ಲ, ರಾಮಾಯಣದಲ್ಲೂ ಉಂಟು. ಕುಂಭಕರ್ಣ ಎದ್ದು ಬಂದಾಗ ಕಪಿಸೇನೆ ಕಾಲಿಗೆ ಬುದ್ಧಿ ಹೇಳುತ್ತದೆ. ಅಂಗದ ಅಡ್ಡ ನಿಂತು, ಬೈದು, ಕುಲದ ಹೆಸರೆತ್ತಿ ತಿರುಗಿಸುತ್ತಾನೆ. ತಿರುಗಿದವರು ಪೆಟ್ಟು ತಿಂದು ಮತ್ತೆ ಓಡುತ್ತಾರೆ, ಅಂಗದ ಮತ್ತೆ ಕೂಗುತ್ತಾನೆ. ಈ ಹೋಗಿಬರುವಿಕೆ ಇದೆಯಲ್ಲ, ಅದೇ ನನಗೆ ನಿಜವೆನಿಸುವುದು. ಈಗಿನ ಕಾದಂಬರಿಗಳಲ್ಲಿ ಓಡಿದವರು ಒಂದೇ ಸಲ ಓಡಿಬಿಡುತ್ತಾರೆ.

ಐಗೂರು ಸೀಮೆ (ಸಕಲೇಶಪುರ):
ದೂರದ ಯುದ್ಧಗಳು ಸಾಕು, ಆ ಘಟ್ಟದಲ್ಲೇ ನಡೆದದ್ದಿದೆ. ಟಿಪ್ಪುವಿನ ಮರಣದ ನಂತರ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ಮಣಿಯಲಿಲ್ಲ. 1800ರಲ್ಲಿ ಅವನ ಕಾಡುನೆಲೆಯ ಮೇಲೆ ಬಂದ ಮೊದಲ ದಾಳಿ ಹಿಮ್ಮೆಟ್ಟಿತು. ಕೊನೆಗೆ 1802ರ ಜನವರಿಯಲ್ಲಿ ಇಂಗ್ಲಿಷರ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಾನೇ ಬರಬೇಕಾಯಿತು. ಒಂದೇ ಬಾಗಿಲಿಗೆ ತಲೆ ಚಚ್ಚಿಕೊಳ್ಳದೆ ಬೇರೆ ಬೇರೆ ದಿಕ್ಕುಗಳಿಂದ ನುಗ್ಗಿಸಿದ. ನಾಯಕ ಸಿಕ್ಕಿಬಿದ್ದ, ಗಲ್ಲಿಗೇರಿಸಿದರು.

ಬಿದಿರುಮೆಳೆ, ಅಡ್ಡ ಕೆಡವಿದ ಮರ, ಕಂದಕ ಇರುವಲ್ಲಿ ದಾಳಿ ಮೊದಲು ನಿಲ್ಲುತ್ತದೆ. ಮುಂದೆ ಹೋಗಲಾಗದು, ಹಿಂದೆ ಹೋಗೆಂದು ಯಾರೂ ಹೇಳಿಲ್ಲ, ಎಲ್ಲಿಂದ ಗುಂಡು ಬರುತ್ತಿದೆಯೋ ತಿಳಿಯದು. ಆಮೇಲೆ ಯಾರೋ ಒಬ್ಬ ಗಾಯಾಳುವನ್ನು ಹೊತ್ತು ಕೆಳಗಿಳಿಯುತ್ತಾನೆ, ಅವನಿಗೆ ಆಸರೆಯಾಗಲು ಇನ್ನಿಬ್ಬರು ಇಳಿಯುತ್ತಾರೆ. ನಿಂತಿದ್ದ ದಂಡು ಕರಗುವುದು ಹಾಗೆ. ಆ ನಿಂತ ಹೊತ್ತನ್ನು ಬರೆಯಲು ತಾಳ್ಮೆ ಬೇಕು, ಬಾಣಕ್ಕೆ ಬೇಡ.

ಹೇಮಾವತಿ ದಂಡೆ:
ಇದನ್ನು ಹಾಗೆಯೇ ಅವರಿಗೆ ಕಳುಹಿಸುತ್ತೇನೆ. ಆದರೆ ಓಟದ ನಂತರದ್ದೂ ಬೇಕಲ್ಲವೇ? ಹಳೆಯ ಯುದ್ಧಗಳಲ್ಲಿ ಹೆಚ್ಚು ಜನ ಸತ್ತದ್ದು ಎದುರುಬದುರು ನಿಂತಾಗ ಅಲ್ಲ, ಬೆನ್ನು ತಿರುಗಿಸಿದ ಮೇಲೆ. ನಮ್ಮ ಕಾದಂಬರಿಗಳು ಸರಿಯಾಗಿ ಅಲ್ಲಿಗೇ ಅಧ್ಯಾಯ ಮುಗಿಸುತ್ತವೆ. ಸೋತವರ ಜೊತೆ ನಾಲ್ಕು ಮೈಲಿ ನಡೆಯಲು ಲೇಖಕರಿಗೆ ಮನಸ್ಸಿಲ್ಲ.

ಚಂದ್ರದ್ರೋಣ:
ಓದುಗರಿಗೂ ಮನಸ್ಸಿಲ್ಲ. ಗೆದ್ದವರ ಅಂತಃಪುರವೇ ನಮಗೆ ಬೇಕಾದದ್ದು. ಲೇಖಕರೊಬ್ಬರನ್ನೇ ಏಕೆ ಬೈಯುತ್ತೀರಿ?

ತೋಟದ ಮನೆ:
ಅಂದ ಹಾಗೆ ಕಾದಂಬರಿಯಲ್ಲಿ ದಾಳಿ ನಡೆಯುವುದು ಯಾವ ತಿಂಗಳಲ್ಲಿ?

ಹೇಮಾವತಿ ದಂಡೆ:
ಆಷಾಢ. ಗುಡುಗು ಮಿಂಚಿನ ನಡುವೆ.

ತೋಟದ ಮನೆ:
ಆಷಾಢದಲ್ಲಿ ಘಟ್ಟ ಹತ್ತಿದರೇ! ಮದ್ದು ನೆನೆದು ಹೋಗುತ್ತದೆ, ಬಿಲ್ಲಿನ ಹೆದೆ ಸಡಿಲವಾಗುತ್ತದೆ, ಜಿಗಣೆ ಬೇರೆ. ಆ ದಳವಾಯಿಗೆ ಬಾಣ ತಾಗಿದ್ದೇ ಪವಾಡ. ವೆಲ್ಲೆಸ್ಲಿ ಬಂದದ್ದು ಜನವರಿಯಲ್ಲಿ, ಸುಮ್ಮನೆ ಅಲ್ಲ. ಮತ್ತೆ ಸಾಮಾನಿನ ಎತ್ತುಗಳು ಎಲ್ಲಿದ್ದವು? ಓಡಿ ಇಳಿಯುವ ದಂಡು ಕಾಲುದಾರಿಯಲ್ಲಿ ಮೊದಲು ಎಡವುವುದು ಅವುಗಳ ಮೇಲೆಯೇ.

ಹೇಮಾವತಿ ದಂಡೆ:
ಹಸ್ತಪ್ರತಿಯನ್ನು ಮತ್ತೊಮ್ಮೆ ತಿರುವಿ ಹಾಕಿದೆ. ಎತ್ತುಗಳೇ ಇಲ್ಲ. ಮೂರು ಸಾವಿರ ಜನ ಹತ್ತು ಪುಟಗಳ ಉದ್ದಕ್ಕೂ ಏನು ತಿಂದರು ಎಂದು ಭಾನುವಾರ ಸಿಕ್ಕಾಗ ಅವರನ್ನೇ ಕೇಳುತ್ತೇನೆ.